ಅರಳು ಮರಳಿಗೆ ಗಂಡಸುತನದ ಸೂಜಿ ಮದ್ದಲ್ಲ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮವರ ಬಾಯಲ್ಲಿ ಎಷ್ಟು ಸಲೀಸಾಗಿದೆಯೆಂದರೆ, ವಯಸ್ಸಾದವರ ಬುದ್ಧಿ ಮಂಕಾಗುವುದನ್ನು ನಾವು ತಲೆಗೂದಲು ಬೆಳ್ಳಗಾಗುವುದರ ಜೊತೆಗೇ ಸೇರಿಸಿಬಿಟ್ಟಿದ್ದೇವೆ. ಮನೆಯ ಯಜಮಾನರು ಹೇಳಿದ್ದನ್ನೇ ಹೇಳತೊಡಗಿದರೆ, ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ಕೊಬ್ಬರಿ ಮಾರಿದ ಹಣ ಕೈಗೆ ಬಂದ ಮೇಲೂ ‘ಹಣ ಬಂದಿಲ್ಲ’ ಎಂದು ಜಗಳ ತೆಗೆದರೆ, ‘ವಯಸ್ಸಾಯಿತಲ್ಲ, ಬಿಡಿ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆತರುವ ಮಕ್ಕಳು, ಮರೆವು ಬಂದರೆ ಎರಡು ಮೂರು ವರ್ಷ ಕಾಯುತ್ತಾರೆ.

ಈ ಹಳೆಯ ಮಾತಿನ ಜೊತೆಗೆ ಇತ್ತೀಚೆಗೆ ಒಂದು ಹೊಸ ಮಾತು ಸೇರಿಕೊಂಡಿದೆ. ಬೆಂಗಳೂರಿನಲ್ಲಿರುವ ಮಗ ಊರಿನಿಂದ ಅಪ್ಪನನ್ನು ಕರೆಸಿಕೊಂಡು ‘ಫುಲ್ ಬಾಡಿ ಚೆಕಪ್’ ಮಾಡಿಸುತ್ತಾನೆ. ಹತ್ತಾರು ಪುಟಗಳ ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ಎಂಬ ಹೆಸರಿನ ಮುಂದೆ ‘ಕಡಿಮೆ’ ಎಂದು ಗುರುತು ಹಾಕಿರುತ್ತದೆ. ಮೊಬೈಲಿನಲ್ಲಿ ಆ ಹೆಸರನ್ನು ಹುಡುಕಿದರೆ ‘ಗಂಡಸರ ಹಾರ್ಮೋನು ಕಡಿಮೆಯಾದರೆ ಮರೆವಿನ ಕಾಯಿಲೆ ಬರುತ್ತದೆ’ ಎಂಬ ಸುದ್ದಿ ಸಿಗುತ್ತದೆ. ‘ನಮ್ಮಪ್ಪಂಗೆ ಹಾರ್ಮೋನು ಕಮ್ಮಿ ಆಗಿ ಮರೆವು ಬಂದೈತೆ ಡಾಕ್ಟ್ರೇ, ಒಂದು ಸೂಜಿ ಹಾಕ್ಬುಡಿ, ಸರಿ ಹೋಗ್ತಾರೆ’ ಎಂದು ಕೇಳುವವರು ದಬ್ಬೇಘಟ್ಟದಂಥ ಹೋಬಳಿಯ ಊರಿನಲ್ಲೂ ಈಗ ಇದ್ದಾರೆ.

ಹಳೆಯ ಗಾದೆ ‘ಏನೂ ಮಾಡುವಂತಿಲ್ಲ’ ಎನ್ನುತ್ತದೆ. ಹೊಸ ಮಾತು ‘ಒಂದು ಸೂಜಿಯಿಂದ ಎಲ್ಲ ಸರಿಹೋಗುತ್ತದೆ’ ಎನ್ನುತ್ತದೆ. ಎರಡೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆ ತಪ್ಪು, ಮತ್ತೆ ಮಾಡಬೇಕಾದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಏನಿದು ಟೆಸ್ಟೋಸ್ಟೆರಾನ್?

ಗಂಡಸರ ವೃಷಣಗಳಲ್ಲಿ ತಯಾರಾಗಿ ರಕ್ತದ ಮೂಲಕ ಇಡೀ ದೇಹವನ್ನು ಸುತ್ತುವ ಚೋದಕ ರಸವೇ ಟೆಸ್ಟೋಸ್ಟೆರಾನ್. ಹುಡುಗರಿಗೆ ಮೀಸೆ ಮೂಡುವುದು, ದನಿ ಒಡೆಯುವುದು ಇದರಿಂದ. ಮಾಂಸಖಂಡಗಳಿಗೆ ಬಲ, ಮೂಳೆಗೆ ಗಟ್ಟಿತನ, ರಕ್ತದಲ್ಲಿ ಕೆಂಪು ಕಣಗಳ ಉತ್ಪತ್ತಿ, ಲೈಂಗಿಕ ಆಸಕ್ತಿ ಇವೆಲ್ಲಕ್ಕೂ ಇದು ಬೇಕು. ಮಿದುಳಿನ ಮೇಲೂ ಇದರ ಪ್ರಭಾವವಿದೆ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗದ ಜೀವಕೋಶಗಳಲ್ಲಿ ಈ ಹಾರ್ಮೋನನ್ನು ಗುರುತಿಸಿ ಹಿಡಿದುಕೊಳ್ಳುವ ಅಣುಗಳಿವೆ. ಅಲ್ಲದೆ ಇದರ ಒಂದಿಷ್ಟು ಭಾಗ ಮಿದುಳಿನಲ್ಲಿಯೇ ಈಸ್ಟ್ರೋಜನ್ ಎಂಬ, ಹೆಂಗಸರ ಹಾರ್ಮೋನಾಗಿ ಮಾರ್ಪಟ್ಟು ಅಲ್ಲಿ ಕೆಲಸ ಮಾಡುತ್ತದೆ.

ವಯಸ್ಕ ಗಂಡಸಿನ ರಕ್ತದಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಒಂದು ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ. ಹೆಂಗಸರಿಗೆ ಮುಟ್ಟು ನಿಂತಾಗ ಹಾರ್ಮೋನು ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. ಗಂಡಸರಲ್ಲಿ ಹಾಗಲ್ಲ. ಮೂವತ್ತು ನಲವತ್ತರ ನಂತರ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಷ್ಟು ಮಾತ್ರ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಎಪ್ಪತ್ತರ ಹಿರಿಯರ ಅಂಕಿ ಇಪ್ಪತ್ತೈದರ ಹುಡುಗನ ಅಂಕಿಗಿಂತ ಕಡಿಮೆ ಇದ್ದರೆ ಅದು ಸಹಜ.

ಈ ರಸದಿಂದ ಮುಪ್ಪನ್ನೂ ಮಂಕನ್ನೂ ಹೋಗಲಾಡಿಸಬಹುದೆಂಬ ಆಸೆ ಹೊಸದೇನಲ್ಲ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೌನ್ ಸೆಕಾರ್ ಎಂಬ ಹೆಸರಾಂತ ವಿಜ್ಞಾನಿ ತನ್ನ 72ನೇ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಾನೇ ಚುಚ್ಚಿಕೊಂಡು, ಮೈಗೂ ಮನಸ್ಸಿಗೂ ಹರೆಯ ಮರಳಿತೆಂದು ಸಾರಿದ. ಸುದ್ದಿ ಜಗತ್ತೆಲ್ಲ ಹಬ್ಬಿತು. ಅವನು ತಯಾರಿಸಿದ ನೀರಿನಂಥ ರಸದಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನು ಇದ್ದಿರಲು ಸಾಧ್ಯವಿಲ್ಲ, ಏಕೆಂದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ ಎಂಬುದು ನಂತರ ತಿಳಿಯಿತು. ಅವನಿಗೆ ಬಂದದ್ದು ನಂಬಿಕೆಯ ಬಲ. ನಿಜವಾದ ಟೆಸ್ಟೋಸ್ಟೆರಾನನ್ನು ಬೇರ್ಪಡಿಸಿದ್ದೂ, ಪ್ರಯೋಗಾಲಯದಲ್ಲಿ ತಯಾರಿಸಿದ್ದೂ 1935ರಲ್ಲಿ. ಈ ಕ್ಷೇತ್ರದಲ್ಲಿ ದುಡಿದ ಬುಟೆನಾಂಟ್ ಮತ್ತು ರುಜಿಕಾ ಅವರಿಗೆ 1939ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಮರೆವಿಗೂ ಇದಕ್ಕೂ ಸಂಬಂಧವಿದೆಯೆ?

ಇದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ 50ರಿಂದ 73 ವರ್ಷದ 1,59,411 ಗಂಡಸರ ರಕ್ತ ಪರೀಕ್ಷಿಸಿ, ಸುಮಾರು ಏಳು ವರ್ಷ ಅವರ ಆರೋಗ್ಯವನ್ನು ಗಮನಿಸಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅವರನ್ನು ಹಾರ್ಮೋನಿನ ಪ್ರಮಾಣಕ್ಕನುಗುಣವಾಗಿ ಐದು ಗುಂಪುಗಳಾಗಿ ಮಾಡಿದಾಗ, ಅತಿ ಕಡಿಮೆ ಇದ್ದ ಗುಂಪಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆಯ ಅಪಾಯ ಅತಿ ಹೆಚ್ಚು ಇದ್ದ ಗುಂಪಿಗಿಂತ ಶೇಕಡಾ 43ರಷ್ಟು ಹೆಚ್ಚಾಗಿ ಕಂಡುಬಂತು.

ಶೇಕಡಾ 43 ಎಂದ ಕೂಡಲೇ ಗಾಬರಿಯಾಗುವುದು ಸಹಜ. ಆದರೆ ಹಾರ್ಮೋನು ಕಡಿಮೆಯಿರುವ ನೂರು ಜನರಲ್ಲಿ 43 ಮಂದಿಗೆ ಮರೆವು ಬರುತ್ತದೆ ಎಂದು ಇದರ ಅರ್ಥವಲ್ಲ. ಆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಏಳು ವರ್ಷಗಳಲ್ಲಿ ಕಾಯಿಲೆ ಬಂದದ್ದು 826 ಮಂದಿಗೆ. ಅಂದರೆ ಸಾವಿರಕ್ಕೆ ಸುಮಾರು ಐವರಿಗೆ. ಒಂದು ಗುಂಪಿನಲ್ಲಿ ಸಾವಿರಕ್ಕೆ ಐವರು ಇದ್ದರೆ, ಶೇಕಡಾ 43ರಷ್ಟು ಹೆಚ್ಚಾದ ಗುಂಪಿನಲ್ಲಿ ಏಳು ಮಂದಿ ಇರುತ್ತಾರೆ. ವ್ಯತ್ಯಾಸ ನಿಜ, ಆದರೆ ಜಾಹೀರಾತಿನವರು ಹೆದರಿಸುವಷ್ಟು ದೊಡ್ಡದಲ್ಲ.

ಕಾರಣವೋ, ಜೊತೆಗಾರನೋ?

ಇನ್ನು ಮುಖ್ಯವಾದ ಪ್ರಶ್ನೆ. ಹಾರ್ಮೋನು ಕಡಿಮೆಯಾದ್ದರಿಂದಲೇ ಮರೆವು ಬಂತೆ? ಅಥವಾ ಬೇರೆ ಯಾವುದೋ ಕಾರಣಕ್ಕೆ ಎರಡೂ ಒಟ್ಟಿಗೆ ಬಂದವೆ?

ತೆಂಗು ಬೆಳೆಯುವ ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೇರಿಗೆ ನೀರು, ಗೊಬ್ಬರ ಸಾಲದ ಮರದಲ್ಲಿ ಗರಿ ಹಳದಿಯಾಗುತ್ತದೆ, ಹರಳೂ ಉದುರುತ್ತದೆ. ಎರಡೂ ಒಟ್ಟಿಗೆ ಕಾಣಿಸುತ್ತವೆ ಎಂದು ಗರಿಗೆ ಹಸಿರು ಬಣ್ಣ ಬಳಿದರೆ ಹರಳು ನಿಲ್ಲುತ್ತದೆಯೆ? ಸಕ್ಕರೆ ಕಾಯಿಲೆ, ಬೊಜ್ಜು, ಅತಿಯಾದ ಕುಡಿತ, ನಿದ್ರೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ದೀರ್ಘಕಾಲದ ಕಾಯಿಲೆಗಳು ಟೆಸ್ಟೋಸ್ಟೆರಾನನ್ನು ಇಳಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ಮಿದುಳನ್ನೂ ಕೆಡಿಸುತ್ತವೆ. ಅಷ್ಟೇ ಅಲ್ಲ, ಮರೆಗುಳಿ ಕಾಯಿಲೆ ಮಿದುಳಿನಲ್ಲಿ ಶುರುವಾಗುವುದು ಹೊರಗೆ ಕಾಣಿಸುವುದಕ್ಕಿಂತ ಹತ್ತು ಹದಿನೈದು ವರ್ಷ ಮುಂಚೆ. ಆ ಅವಧಿಯಲ್ಲಿ ಊಟ, ತೂಕ ಕಡಿಮೆಯಾಗಿ ಹಾರ್ಮೋನೂ ಇಳಿದಿರಬಹುದು. ಆಗ ಕಾಯಿಲೆಯೇ ಹಾರ್ಮೋನು ಇಳಿಯಲು ಕಾರಣವಾಗುತ್ತದೆ.

ಇದನ್ನು ತೀರ್ಮಾನಿಸಲು ಇರುವ ದಾರಿ ಒಂದೇ. ಹಾರ್ಮೋನು ಕಡಿಮೆಯಿರುವ ಹಿರಿಯರಲ್ಲಿ ಅರ್ಧ ಜನಕ್ಕೆ ನಿಜವಾದ ಔಷಧವನ್ನೂ ಇನ್ನರ್ಧ ಜನಕ್ಕೆ ಅದರಂತೆಯೇ ಕಾಣುವ ಹುಸಿ ಔಷಧವನ್ನೂ ಕೊಟ್ಟು ನೋಡುವುದು. ಅಮೆರಿಕದಲ್ಲಿ ಇದನ್ನು ಮಾಡಿದರು. ವಯಸ್ಸು 65 ದಾಟಿದ, ಹಾರ್ಮೋನು ಕಡಿಮೆಯಿದ್ದ, ಜೊತೆಗೆ ವಯಸ್ಸಿನ ಮರೆವೂ ಇದ್ದ 493 ಗಂಡಸರು ಒಂದು ವರ್ಷ ಕಾಲ ಪ್ರತಿದಿನ ಮೈಗೆ ಮುಲಾಮು ಹಚ್ಚಿಕೊಂಡರು. ಔಷಧದ ಮುಲಾಮು ಯಾರದು, ಹುಸಿ ಮುಲಾಮು ಯಾರದು ಎಂಬುದು ಅವರಿಗೂ ಗೊತ್ತಿಲ್ಲ, ಪರೀಕ್ಷಿಸಿದ ವೈದ್ಯರಿಗೂ ಗೊತ್ತಿಲ್ಲ. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಔಷಧ ಪಡೆದವರ ರಕ್ತದಲ್ಲಿ ಹಾರ್ಮೋನು ಹರೆಯದವರ ಮಟ್ಟಕ್ಕೆ ಏರಿತ್ತು. ಆದರೆ ನೆನಪಿನ ಶಕ್ತಿಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಅದೇ ಪ್ರಯೋಗಮಾಲೆಯ ಇತರ ಭಾಗಗಳಲ್ಲಿ ಲೈಂಗಿಕ ಆಸಕ್ತಿ ಸ್ವಲ್ಪ ಸುಧಾರಿಸಿತು, ರಕ್ತಹೀನತೆ ಕಡಿಮೆಯಾಯಿತು ಎಂಬುದನ್ನೂ ಹೇಳಬೇಕು. ಆದರೆ ನಾವು ಕೇಳುತ್ತಿರುವ ಪ್ರಶ್ನೆ ಮರೆವಿನದು. ಅದಕ್ಕೆ ಸಿಕ್ಕ ಉತ್ತರ ‘ಪ್ರಯೋಜನವಿಲ್ಲ’ ಎಂದೇ. ಒಂದು ವರ್ಷದ ಬದಲು ಹತ್ತು ವರ್ಷ ಕೊಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಗುಣ ಸಾಬೀತಾಗದ ಔಷಧವನ್ನು ಹತ್ತು ವರ್ಷ ಚುಚ್ಚಿಸಿಕೊಳ್ಳಿ ಎಂದು ಹೇಳುವ ಧೈರ್ಯ ನನಗಿಲ್ಲ.

ಸೂಜಿ ಯಾರಿಗೆ ಬೇಕು, ಯಾರಿಗೆ ಬೇಡ?

ಟೆಸ್ಟೋಸ್ಟೆರಾನ್ ಚಿಕಿತ್ಸೆಯೇ ಮೋಸ ಎಂದು ಯಾರೂ ತಿಳಿಯಬಾರದು. ಮಂಗನಬಾವು ವೃಷಣಕ್ಕಿಳಿದು ಕೆಟ್ಟಿದ್ದರೆ, ಪೆಟ್ಟಿನಿಂದ ಅಥವಾ ಶಸ್ತ್ರಚಿಕಿತ್ಸೆಯಿಂದ ವೃಷಣ ಕಳೆದುಕೊಂಡಿದ್ದರೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇದ್ದರೆ ಹಾರ್ಮೋನು ನಿಜವಾಗಿಯೂ ಬತ್ತುತ್ತದೆ. ಅಂಥವರಿಗೆ ತಜ್ಞರ ಮೇಲ್ವಿಚಾರಣೆಯಲ್ಲಿ ಈ ಔಷಧ ವರದಾನ.

ಆದರೆ ಅದನ್ನು ನಿರ್ಧರಿಸುವುದು ಒಂದು ರಿಪೋರ್ಟಿನಿಂದ ಆಗುವುದಿಲ್ಲ. ಹಾರ್ಮೋನು ಬೆಳಿಗ್ಗೆ ಹೆಚ್ಚಿರುತ್ತದೆ, ಸಂಜೆಗೆ ಇಳಿಯುತ್ತದೆ, ಊಟವಾದ ಮೇಲೂ ಇಳಿಯುತ್ತದೆ. ಜ್ವರವೋ ಬೇರೆ ಕಾಯಿಲೆಯೋ ಇದ್ದಾಗ ಮತ್ತೂ ಕುಸಿಯುತ್ತದೆ. ಆದ್ದರಿಂದ ಆರೋಗ್ಯವಾಗಿರುವಾಗ, ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಪರೀಕ್ಷಿಸಬೇಕು. ಎರಡು ಸಲವೂ ಕಡಿಮೆ ಬಂದು, ಜೊತೆಗೆ ಅದಕ್ಕೆ ತಕ್ಕ ಲಕ್ಷಣಗಳೂ ಇದ್ದರೆ ಮಾತ್ರ ಚಿಕಿತ್ಸೆಯ ಮಾತು. ಬೆಂಗಳೂರಿಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ, ಇಡ್ಲಿ ತಿಂದು, ಮಧ್ಯಾಹ್ನ ಕೊಟ್ಟ ರಕ್ತದ ಅಂಕಿಯನ್ನು ನಂಬಿ ಹೆದರಬೇಕಾಗಿಲ್ಲ.

ಬೇಡದವರಿಗೆ ಕೊಟ್ಟರೆ ನಷ್ಟ ಹಣದ್ದು ಮಾತ್ರವಲ್ಲ. ರಕ್ತ ಗಟ್ಟಿಯಾಗುತ್ತದೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಕೆರಳಬಹುದು. ಮಕ್ಕಳಾಗಬೇಕಾದ ವಯಸ್ಸಿನವರಲ್ಲಿ ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. 45ರಿಂದ 80 ವರ್ಷದ, ಹೃದಯದ ಕಾಯಿಲೆ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹೃದಯಾಘಾತ, ಲಕ್ವ ಹೆಚ್ಚಾಗಲಿಲ್ಲವೆಂಬ ಸಮಾಧಾನ ಸಿಕ್ಕಿತು. ಆದರೆ ಹೃದಯದ ಬಡಿತ ತಾಳ ತಪ್ಪುವುದು, ಮೂತ್ರಪಿಂಡಕ್ಕೆ ಧಕ್ಕೆಯಾಗುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಔಷಧ ಪಡೆದವರಲ್ಲೇ ಹೆಚ್ಚಾಗಿತ್ತು. ವೈದ್ಯರ ಸೂಜಿಯ ವಿಷಯವೇ ಹೀಗಿರುವಾಗ, ಬಸ್ ನಿಲ್ದಾಣದ ಗೋಡೆಯ ಮೇಲೆ ಜಾಹೀರಾತು ಅಂಟಿಸಿ ಮಾರುವ ‘ಗಂಡಸುತನದ ಪುಡಿ’, ಲೇಹ್ಯಗಳ ಬಗ್ಗೆ ಹೇಳುವುದೇನಿದೆ? ಅದರಲ್ಲಿ ಏನು ಬೆರೆಸಿದ್ದಾರೆಂಬುದು ಮಾರುವವನಿಗೇ ಗೊತ್ತಿರುವುದಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟೆರಾನನ್ನು ಬೇಕೆಂದೇ ತಗ್ಗಿಸುವ ಚಿಕಿತ್ಸೆ ಕೊಡುತ್ತಾರೆ. ಅಮೆರಿಕದ ಒಂದೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 13 ಮಂದಿಗೂ, ಪಡೆಯದವರಲ್ಲಿ ಸುಮಾರು 9 ಮಂದಿಗೂ ಮುಂದೆ ಆಲ್ಜೈಮರ್ ಕಾಯಿಲೆ ಕಂಡುಬಂದಿತ್ತು. ಇಂಥ ಸುದ್ದಿ ಓದಿ ಹೆದರಿ ಸೂಜಿ ನಿಲ್ಲಿಸಿಬಿಡುವ ಯೋಚನೆ ಮಾಡಬೇಡಿ. ಇದೂ ದಾಖಲೆಗಳಿಂದ ತೆಗೆದ ಲೆಕ್ಕ, ಕಾರಣವೆಂದು ಸಾಬೀತಾದುದಲ್ಲ. ಮುಂದೆಂದೋ ಬರಬಹುದಾದ ಮರೆವಿಗೆ ಅಂಜಿ ಇಂದಿನ ಕ್ಯಾನ್ಸರಿಗೆ ದಾರಿ ಬಿಡುವುದು ಜಾಣತನವಲ್ಲ. ಸಂಶಯವಿದ್ದರೆ ಚಿಕಿತ್ಸೆ ಕೊಡುತ್ತಿರುವ ತಜ್ಞರನ್ನೇ ಕೇಳಿ.

ಯಾವುದು ಮರೆವು, ಯಾವುದು ಕಾಯಿಲೆ?

ಕನ್ನಡಕ ಇಟ್ಟ ಜಾಗ ಮರೆತು, ಹುಡುಕಿ, ಸಿಕ್ಕ ಮೇಲೆ ‘ಹೌದಲ್ಲ, ಇಲ್ಲೇ ಇಟ್ಟಿದ್ದೆ’ ಎನ್ನುವುದು ವಯಸ್ಸಿನ ಮರೆವು. ಇಟ್ಟದ್ದೇ ನೆನಪಿಗೆ ಬಾರದೆ ‘ಸೊಸೆ ಕದ್ದಳು’ ಎನ್ನುವುದು ಕಾಯಿಲೆಯ ಲಕ್ಷಣವಿರಬಹುದು. ದಿನವೂ ಓಡಾಡುವ ತೋಟದ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, ಆಡುವಾಗ ಸಾಮಾನ್ಯ ಪದಗಳೇ ಸಿಗದಿರುವುದು, ಶಾಂತ ಸ್ವಭಾವದವರು ವಿನಾಕಾರಣ ಸಿಡುಕತೊಡಗುವುದು, ಸ್ನಾನ ಬಟ್ಟೆಗಳ ಬಗ್ಗೆ ನಿಗಾ ತಪ್ಪುವುದು ಇವೆಲ್ಲ ಗಮನಿಸಬೇಕಾದ ಸೂಚನೆಗಳು.

ನಮ್ಮ ಭಾಗದಲ್ಲಿ ಮನೆಯವರು ಮೋಸ ಹೋಗುವುದು ಒಂದು ಕಾರಣಕ್ಕೆ. ಕೈಗೆ ರೂಢಿಯಾದ ವಿದ್ಯೆ ಬೇಗ ಹೋಗುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿಯೇ ಕೊಬ್ಬರಿ ಕಟ್ಟಿದೆಯೆ ಇಲ್ಲವೆ ಎಂದು ಹೇಳುವ ಹಿರಿಯರಿಗೆ ನಿನ್ನೆ ಮನೆಗೆ ಯಾರು ಬಂದಿದ್ದರೆಂಬುದು ನೆನಪಿರುವುದಿಲ್ಲ. ‘ಕಾಯಿ ಸುಲಿಯೋದರಲ್ಲಿ ಈಗಲೂ ಎತ್ತಿದ ಕೈ, ಅವರಿಗೇನು ಕಾಯಿಲೆ’ ಎಂದು ಮನೆಯವರು ವಾದಿಸುತ್ತಾರೆ. ಹಳೆಯದು ಉಳಿದು ಹೊಸದು ನಿಲ್ಲದಿರುವುದೇ ಈ ಕಾಯಿಲೆಯ ಮೊದಲ ಗುರುತು.

ಮರೆವೆಂದು ಬಂದವರೆಲ್ಲರದೂ ವಾಸಿಯಾಗದ ಕಾಯಿಲೆಯಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಥೈರಾಯ್ಡ್ ಹಾರ್ಮೋನಿನ ಕೊರತೆ, ಹಾಲು ಮೊಸರೂ ಸರಿಯಾಗಿ ತೆಗೆದುಕೊಳ್ಳದ ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆ, ರಕ್ತದಲ್ಲಿ ಉಪ್ಪಿನ ಅಂಶ ಇಳಿಯುವುದು, ನಿದ್ರೆ ಮಾತ್ರೆಯ ಅಭ್ಯಾಸ ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಮಾತೇ ಬಿಟ್ಟ ಗಂಡಸಿಗೆ ಇರುವುದು ಮರೆವಲ್ಲ, ಖಿನ್ನತೆ ಇರಬಹುದು. ತೋಟದಲ್ಲಿ ಜಾರಿ ಬಿದ್ದು ತಲೆಗೆ ತಗುಲಿದ ಸಣ್ಣ ಪೆಟ್ಟಿನಿಂದ ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಜಿನುಗಿ, ವಾರಗಳ ನಂತರ ಮಂಕು ಕವಿಯಬಹುದು. ಇವೆಲ್ಲ ಪತ್ತೆಯಾದರೆ ಚಿಕಿತ್ಸೆಯಿಂದ ಬಹುಮಟ್ಟಿಗೆ ಸುಧಾರಿಸುವಂಥವು. ಒಂದೆರಡು ದಿನಗಳಲ್ಲೇ ಬುದ್ಧಿ ತಪ್ಪಿದಂತೆ ಆಡಿದರೆ ಅದು ಸೋಂಕು, ಸಕ್ಕರೆಯ ಏರಿಳಿತ ಅಥವಾ ಲಕ್ವದ ಸೂಚನೆ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ‘ಅರಳು ಮರಳು’ ಎಂದು ಕೈಬಿಟ್ಟವರಿಗೂ, ‘ಹಾರ್ಮೋನು ಕಮ್ಮಿ’ ಎಂದು ಸೂಜಿ ಹಾಕಿಸಿದವರಿಗೂ ತಪ್ಪಿಹೋಗುವ ಅವಕಾಶ ಇದೇ.

ನಮ್ಮ ನಾಡಿನ ಲೆಕ್ಕ

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಹಳ್ಳಿಯ ಗಾಳಿ, ಹಳ್ಳಿಯ ಊಟ ಸಾಕು, ನಮಗೆ ಇಂಥ ಕಾಯಿಲೆ ಬರುವುದಿಲ್ಲ ಎಂದು ನಂಬಿರುವವರು ಈ ಅಂಕಿಯನ್ನು ಎರಡು ಸಲ ಓದಬೇಕು. ಓದು ಬರಹ ಕಲಿಯದಿರುವುದೂ ಒಂದು ಅಪಾಯಕಾರಿ ಅಂಶವೆಂದು ಸಿದ್ಧವಾಗಿರುವುದರಿಂದ, ಚಿಕ್ಕಂದಿನಲ್ಲಿ ಶಾಲೆಗೆ ಕಳಿಸದ ನಮ್ಮ ತಾಯಂದಿರಲ್ಲಿ ಇದು ಹೆಚ್ಚಾಗಿ ಕಾಣುವುದು ಆಶ್ಚರ್ಯವಲ್ಲ.

ನಮ್ಮ ಹಳ್ಳಿಗರ ಮಿದುಳಿನ ಬಗ್ಗೆ ಪರದೇಶದ ಅಂಕಿಗಳನ್ನೇ ನೆಚ್ಚಿಕೊಂಡು ಕೂರಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷಗಳ ಕಾಲ ಪರೀಕ್ಷಿಸುತ್ತಾ ಹೋಗುವ ದೊಡ್ಡ ಅಧ್ಯಯನ ಕೈಗೊಂಡಿದ್ದಾರೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅವರ ಗುರಿ. ರಾಗಿ ತಿನ್ನುವ, ಹೊಲದಲ್ಲಿ ದುಡಿಯುವ ನಮ್ಮಂಥವರಲ್ಲಿ ಮರೆವು ಏಕೆ, ಹೇಗೆ ಬರುತ್ತದೆಂಬುದಕ್ಕೆ ಉತ್ತರ ಅಲ್ಲಿಂದ ಬರಬೇಕಾಗಿದೆ.

ಹಣ ಎಲ್ಲಿ ಖರ್ಚು ಮಾಡಬೇಕು?

‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ, ನಾವು ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಸುಮಾರು ಶೇಕಡಾ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಹೇಳಿತು. ಆ 14ರಲ್ಲಿ ಟೆಸ್ಟೋಸ್ಟೆರಾನ್ ಇಲ್ಲ. ಇರುವ ಕೆಲವನ್ನು ನಮ್ಮ ಊರಿನ ಕಣ್ಣಿನಿಂದ ನೋಡೋಣ.

ಮೊದಲನೆಯದು ಏರಿದ ಬಿ.ಪಿ. ಮತ್ತು ಸಕ್ಕರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡನ್ನೂ ಉಚಿತವಾಗಿ ಪರೀಕ್ಷಿಸುತ್ತಾರೆ. ‘ತಲೆ ಸುತ್ತು ಬಂದಾಗ ಮಾತ್ರ ಮಾತ್ರೆ’ ಎಂಬ ನಮ್ಮವರ ಪದ್ಧತಿ ಮಿದುಳಿನ ಸಣ್ಣ ರಕ್ತನಾಳಗಳನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತದೆ. ಎರಡನೆಯದು ಕಿವಿ ಮತ್ತು ಕಣ್ಣು. ಕಿವಿ ಕೇಳದವರು ಮಾತಿನಿಂದ ದೂರವಾಗುತ್ತಾರೆ, ಮಾತಿಲ್ಲದ ಮಿದುಳು ಸೊರಗುತ್ತದೆ. ಕಣ್ಣಿನ ಪೊರೆ ತೆಗೆಸಲು ‘ಇನ್ನೊಂದು ಬೇಸಿಗೆ ಕಳೆಯಲಿ’ ಎಂದು ಮುಂದೂಡುವುದು ಬೇಡ. ಮೂರನೆಯದು ತಲೆಯ ಪೆಟ್ಟು. ಮರ ಹತ್ತುವವರಿಗೆ ಇದರ ಅಪಾಯ ಹೇಳಬೇಕಾಗಿಲ್ಲ. ಅರವತ್ತು ದಾಟಿದವರು ಮರ ಹತ್ತುವುದನ್ನು ಬಿಡಬೇಕು. ತೋಟಕ್ಕೆ ಮೊಪೆಡ್ಡಿನಲ್ಲಿ ಹೋಗುವಾಗಲೂ ಹೆಲ್ಮೆಟ್ ಇರಬೇಕು. ಕಾಯಿ ಕೀಳುವಾಗ ಮರದ ಬುಡದಲ್ಲಿ ನಿಲ್ಲಬಾರದು. ನಾಲ್ಕನೆಯದು ಬೀಡಿ, ಸಿಗರೇಟು ಮತ್ತು ಕುಡಿತ. ಕುಡಿತ ಒಂದೇ ಹೊಡೆತಕ್ಕೆ ಟೆಸ್ಟೋಸ್ಟೆರಾನನ್ನೂ ಮಿದುಳನ್ನೂ ಕೆಡಿಸುತ್ತದೆ. ಗಂಡಸುತನದ ಸೂಜಿ ಕೇಳಲು ಬರುವವರು ಮೊದಲು ಇದನ್ನು ಬಿಟ್ಟು ಬರಲಿ.

ಐದನೆಯದು ನಡಿಗೆ ಮತ್ತು ತೂಕ. ಹೊಟ್ಟೆಯ ಬೊಜ್ಜು ಕರಗಿದರೆ, ನಿದ್ರೆ ಸರಿಯಾದರೆ, ಸಕ್ಕರೆ ಹತೋಟಿಗೆ ಬಂದರೆ ಇಳಿದಿದ್ದ ಹಾರ್ಮೋನು ಎಷ್ಟೋ ಜನರಲ್ಲಿ ಸೂಜಿಯಿಲ್ಲದೆ ತಾನಾಗಿ ಏರುತ್ತದೆ. ಬೇರಿಗೆ ನೀರು ಹಾಕುವುದು ಎಂದರೆ ಇದೇ. ಆರನೆಯದು ಒಂಟಿತನ. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಕೆಲವು ಕಡೆ ಒಬ್ಬರೇ ಉಳಿದಿರುವುದು ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಹಳ್ಳಿಹಳ್ಳಿಯ ಕಥೆ. ಇದಕ್ಕೆ ಮೆಡಿಕಲ್ ಸ್ಟೋರಿನಲ್ಲಿ ಔಷಧ ಸಿಗುವುದಿಲ್ಲ. ಅರಳಿಕಟ್ಟೆಯ ಮಾತು, ದೇವಸ್ಥಾನದ ಭಜನೆ, ಸಂತೆಯ ಓಡಾಟ, ದಿನಕ್ಕೊಮ್ಮೆ ಮಗನ ಫೋನು ಇವೇ ಔಷಧ.

ತೆಂಗಿನ ನಾಡಿನಲ್ಲಿ ಬರುವ ಇನ್ನೊಂದು ಪ್ರಶ್ನೆ: ‘ಕೊಬ್ಬರಿ ಎಣ್ಣೆ ಕುಡಿದರೆ ಮರೆವು ಹೋಗುತ್ತದಂತೆ ಹೌದೆ?’ ಅದನ್ನು ಸಾಬೀತುಪಡಿಸುವ ಗಟ್ಟಿ ಆಧಾರ ಇಲ್ಲ. ಕೆಟ್ಟ ಕೊಲೆಸ್ಟರಾಲ್ ಹೆಚ್ಚಿರುವುದೂ ಆ 14 ಅಂಶಗಳ ಪಟ್ಟಿಯಲ್ಲಿದೆ. ನಮ್ಮ ಅಡುಗೆಯಲ್ಲಿ ಕಾಯಿ, ಕೊಬ್ಬರಿ ಹಿತಮಿತವಾಗಿ ಇರಲಿ, ಔಷಧವೆಂದು ಚಮಚಗಟ್ಟಲೆ ಎಣ್ಣೆ ಕುಡಿಯುವುದು ಬೇಡ. ನಮ್ಮ ಬೆಳೆಯ ಮೇಲಿನ ಅಭಿಮಾನಕ್ಕೂ ಸತ್ಯಕ್ಕೂ ಜಗಳವಾಗಬೇಕಾಗಿಲ್ಲ.

ನೆರವು ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಊರಿನ ವೈದ್ಯರಲ್ಲಿಗೇ ಹೋಗಿ. ಬಿ.ಪಿ., ಸಕ್ಕರೆ, ಥೈರಾಯ್ಡ್, ಬಿ-12, ಕಿವಿ, ಕಣ್ಣು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಇವನ್ನೆಲ್ಲ ಅವರು ನೋಡುತ್ತಾರೆ. ಹೋಗುವಾಗ ಜೊತೆಯಲ್ಲಿ ವಾಸಿಸುವವರೇ ಹೋಗಬೇಕು. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗನಿಗೆ ಅಪ್ಪನ ದಿನನಿತ್ಯದ ವಿಷಯ ಗೊತ್ತಿರುವುದಿಲ್ಲ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ದಿನ ವಿಚಾರಿಸಿಕೊಂಡು ಹೋಗಿ. ಮಿದುಳಿನ ಆರೋಗ್ಯಕ್ಕಾಗಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕಾರ್ಯಕ್ರಮವೂ ಇದೆ. ಮಾನಸಿಕ ಆರೋಗ್ಯದ ಸಲಹೆಗೆ ‘ಟೆಲಿ ಮಾನಸ್’ನ 14416, ಹಿರಿಯ ನಾಗರಿಕರ ಸಹಾಯವಾಣಿ 14567, ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಕೊನೆಯದಾಗಿ ಮೂವರಿಗೆ ಮೂರು ಮಾತು. ನನ್ನ ವೈದ್ಯ ಬಂಧುಗಳಿಗೆ: ರೋಗಿಯ ಮಗ ಒತ್ತಾಯಿಸಿದನೆಂದು ಒಂದೇ ರಿಪೋರ್ಟಿನ ಮೇಲೆ ಈ ಸೂಜಿ ಚುಚ್ಚುವುದು ಬೇಡ. ಬೇಡವೆಂದು ವಿವರಿಸಲು ಹದಿನೈದು ನಿಮಿಷ ಹಿಡಿಯುತ್ತದೆ, ಅದೂ ಚಿಕಿತ್ಸೆಯೇ. ಮಕ್ಕಳಿಗೆ: ನಿಮ್ಮ ತಂದೆಯ ಮರೆವನ್ನು ಮನೆಯ ಮರ್ಯಾದೆಯ ಪ್ರಶ್ನೆ ಮಾಡಿಕೊಂಡು ಬಚ್ಚಿಡಬೇಡಿ. ಪತ್ರಗಳಿಗೆ ಹೆಬ್ಬೆಟ್ಟು ಹಾಕಿಸಿಕೊಳ್ಳುವ ಆತುರಕ್ಕಿಂತ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ. ಕಾಯಿಲೆ ಇದೆಯೆಂದು ಖಚಿತವಾದರೂ ಬಯ್ಯುವುದರಿಂದ, ‘ಈಗಷ್ಟೇ ಹೇಳಿದೆನಲ್ಲ’ ಎಂದು ಹಂಗಿಸುವುದರಿಂದ ಅವರಿಗೆ ನೆನಪು ಬರುವುದಿಲ್ಲ, ದುಃಖ ಮಾತ್ರ ಬರುತ್ತದೆ. ಯಾವ ಮಾತು ಮರೆತರೂ ಮಾತಿನಲ್ಲಿದ್ದ ಅವಮಾನ ಅವರಿಗೆ ಬಹಳ ಹೊತ್ತು ನಾಟಿರುತ್ತದೆ.

ಇನ್ನು ಹಿರಿಯರಿಗೆ. ಅಜ್ಜ, ಗಂಡಸುತನವೆಂಬುದು ಪ್ರಯೋಗಾಲಯದ ಚೀಟಿಯ ಮೇಲಿನ ಅಂಕಿಯಲ್ಲಿ ಇಲ್ಲ. ನಾಳೆ ಬೆಳಿಗ್ಗೆ ತೋಟಕ್ಕೆ ಹೋಗುವ ಮುಂಚೆ ಆರೋಗ್ಯ ಕೇಂದ್ರದ ಮುಂದೆ ನಿಂತು ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿಸಿಕೊಳ್ಳಿ. ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.